ನನ್ನ ಮೋಟ್ರು ಎಷ್ಟು ಮಹಾ ಕುಡಿಯುತ್ತೆ?

ಭದ್ರಾ ನಾಲೆಗೆ ನೀರು ಬಿಟ್ಟರು ಎಂಬ ಸುದ್ದಿ ಬಂದ ಎರಡು ಮೂರು ದಿನಕ್ಕೆ ನಮ್ಮ ಸೀಮೆಯ ನಾಲೆ ಏರಿಯ ಮೇಲೆ ಯಾರೂ ಬಿತ್ತದ ಒಂದು ಬೆಳೆ ಏಳುತ್ತದೆ. ಕಪ್ಪು ಬಣ್ಣ, ನಾಲ್ಕಿಂಚು ದಪ್ಪ, ಬಾಯಿ ನೀರಿನಲ್ಲಿ, ಬಾಲ ಅಡಿಕೆ ತೋಟದಲ್ಲಿ. ಮೇಲೊಂದಿಷ್ಟು ಒಣ ಸೋಗೆ ಹೊದಿಸಿರುತ್ತಾರೆ. ಯಾರಿಗೂ ಕಾಣಬಾರದು ಅಂತಲ್ಲ, ಕಂಡವರಿಗೆ ಕಾಣಲಿಲ್ಲ ಅಂತ ಹೇಳಿಕೊಳ್ಳಲು ಒಂದು ನೆಪ ಇರಲಿ ಅಂತ. ಇಲಾಖೆ ಜೀಪು ಹೊರಟಿದೆ ಎಂದು ಫೋನು ಬಂದರೆ ಮೋಟ್ರು ಪೊದೆ ಸೇರುತ್ತದೆ, ಪೈಪು ಮಾತ್ರ ಏರಿ ಮೇಲೆ ವಿಧವೆಯಾಗಿ ಬಿದ್ದಿರುತ್ತದೆ. ಜೀಪು ತಿರುಗಿ ಹೋದ ಗಳಿಗೆಯಲ್ಲಿ ಇಬ್ಬರಿಗೂ ಮರುಮದುವೆ.

ಆ ಮೋಟ್ರಿನ ಯಜಮಾನರನ್ನು ಮಾತಾಡಿಸಿ ನೋಡಿ. "ಅಲ್ಲ ಗೌಡ್ರೆ, ಹಿಂಗೆ ಮೇಲ್ಗಡೇಲೆ ಎಳ್ಕೊಂಡ್ರೆ ಕೊನೆ ಭಾಗದ ಗದ್ದೆಯವ್ರು ಏನ್ ಮಾಡ್ಬೇಕು?" ಅಂತ ಕೇಳಿ. ಸಿಟ್ಟು ಮಾಡಿಕೊಳ್ಳುವುದಿಲ್ಲ. ನಿಮಗೆ ಲೋಕಜ್ಞಾನ ಕಮ್ಮಿ ಎನ್ನುವ ಕರುಣೆಯಿಂದ ನೋಡಿ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಾರೆ: "ಇಷ್ಟ್ ದೊಡ್ಡ ನಾಲೆ ಕಣ್ರೀ. ನಂದು ಐದು ಎಚ್‌ಪಿ. ನನ್ನ ಮೋಟ್ರು ಎಷ್ಟು ಮಹಾ ಕುಡಿಯುತ್ತೆ?"

ಲೆಕ್ಕ ಸುಳ್ಳಲ್ಲ. ಒಂದು ಮೋಟ್ರಿಗೆ ನಾಲೆ ಬತ್ತುವುದಿಲ್ಲ. ಪಕ್ಕದವರ ಲೆಕ್ಕವೂ ಸುಳ್ಳಲ್ಲ. ಅದರಾಚೆಯವರದ್ದೂ ಅಲ್ಲ. ಹೀಗೆ ನಾಲೆಯುದ್ದಕ್ಕೂ ಸತ್ಯವಂತರೇ ಕೂತು, ಕೊನೆ ಭಾಗದಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ನಾಲೆಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ.

ನಾಲೆಯ ಈ ವೇದವಾಕ್ಯವನ್ನು 2025ರ ಆಗಸ್ಟ್‌ನಲ್ಲಿ ಗೂಗಲ್ ಕಂಪನಿ ಇಂಗ್ಲಿಷಿನಲ್ಲಿ ಹೇಳಿತು. ತನ್ನ ಜೆಮಿನಿ ಎಂಬ ಕೃತಕ ಬುದ್ಧಿಮತ್ತೆಗೆ ಒಂದು ಸಾಮಾನ್ಯ ಪ್ರಶ್ನೆ ಕೇಳಿದರೆ ಖರ್ಚಾಗುವುದು 0.24 ವ್ಯಾಟ್ ಅವರ್ ಕರೆಂಟು, 0.26 ಮಿಲಿಲೀಟರ್ ನೀರು. ಅಂದರೆ ಐದು ಹನಿ. ಅದಕ್ಕೂ ಎರಡು ತಿಂಗಳ ಮೊದಲು ಓಪನ್ ಎಐ ಯಜಮಾನ ಸ್ಯಾಮ್ ಆಲ್ಟ್‌ಮನ್ ತಮ್ಮ ಚಾಟ್‌ಜಿಪಿಟಿಯ ಒಂದು ಪ್ರಶ್ನೆಗೆ ಚಹಾ ಚಮಚದ ಹದಿನೈದನೇ ಒಂದು ಪಾಲು ನೀರು ಎಂದು ಬರೆದಿದ್ದರು. ಓದಿದ ಜಗತ್ತು ನಿಟ್ಟುಸಿರು ಬಿಟ್ಟಿತು. ಐದೇ ಹನಿಯಾ! ಕೈ ತೊಳೆದು ಕೊಡವಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಎಷ್ಟು ಮಹಾ ಕುಡಿಯುತ್ತೆ?

ಬೇರೆ ಯಾವ ಊರಿನವರು ಈ ಮಾತಿಗೆ ಮರುಳಾದರೂ ಕ್ಷಮಿಸಬಹುದಿತ್ತು. ಭದ್ರಾ ಅಚ್ಚುಕಟ್ಟಿನವರು, ಕತ್ತಲಗೆರೆ, ಬಸವಾಪಟ್ಟಣದ ಕಡೆಯವರು ಮರುಳಾಗುವುದು ಹೇಗೆ? ಇದು ನಾವೇ ಕಂಡುಹಿಡಿದ ಲೆಕ್ಕಶಾಸ್ತ್ರ. ಪೇಟೆಂಟು ತೆಗೆಸಿದ್ದರೆ ಇವತ್ತು ಕ್ಯಾಲಿಫೋರ್ನಿಯಾದಿಂದ ಚನ್ನಗಿರಿಗೆ ರಾಯಧನ ಬರುತ್ತಿತ್ತು.

ಇರಲಿ, ಹನಿಯ ಲೆಕ್ಕವನ್ನೇ ನಾಲೆಯ ಲೆಕ್ಕಕ್ಕೆ ತರೋಣ. ಓಪನ್ ಎಐ ಹೇಳಿಕೊಂಡ ಹಾಗೆ 2025ರ ನಡುವಿನ ಹೊತ್ತಿಗೆ ಚಾಟ್‌ಜಿಪಿಟಿಗೆ ದಿನಕ್ಕೆ ಸುಮಾರು 250 ಕೋಟಿ ಪ್ರಶ್ನೆಗಳು ಬೀಳುತ್ತಿದ್ದವು. ಆಲ್ಟ್‌ಮನ್ನರದೇ ಅಂಕಿ ತೆಗೆದುಕೊಂಡರೆ, ಒಂದಕ್ಕೆ 0.34 ವ್ಯಾಟ್ ಅವರ್‌ನಂತೆ, ದಿನಕ್ಕೆ ಎಂಟೂವರೆ ಲಕ್ಷ ಯೂನಿಟ್. ನಮ್ಮ ಐದು ಎಚ್‌ಪಿ ಮೋಟ್ರು ಏಳು ಗಂಟೆ ಓಡಿದರೆ ಸುಮಾರು 26 ಯೂನಿಟ್. ಭಾಗಿಸಿ ನೋಡಿ. ಮೂವತ್ತೆರಡು ಸಾವಿರಕ್ಕೂ ಹೆಚ್ಚು ಮೋಟ್ರು, ದಿನಾ ಏಳು ಗಂಟೆ. ಅದೂ ಒಂದೇ ಕಂಪನಿಯ ಒಂದೇ ಅಂಗಡಿಗೆ. ನೀರಿನ ಲೆಕ್ಕ ದಿನಕ್ಕೆ ಎಂಟು ಲಕ್ಷ ಲೀಟರ್. "ಇಷ್ಟೇನಾ? ನಮ್ಮ ನೂರು ಎಕರೆ ತೋಟಕ್ಕೆ ಸಾಲಲ್ಲ" ಎಂದು ನೀವು ನಗಬಹುದು. ನಕ್ಕುಬಿಡಿ. ಆ ಎಂಟು ಲಕ್ಷ ಲೀಟರ್ ಬರೀ ಪ್ರಶ್ನೆಗೆ ಉತ್ತರ ಹೇಳಿದ್ದಕ್ಕೆ. ಆ ಯಂತ್ರಕ್ಕೆ ಅಕ್ಷರ ಕಲಿಸುವ ತಿಂಗಳುಗಟ್ಟಲೆ ಕಾಲದಲ್ಲಿ ಕುಡಿಸಿದ್ದು ಇದರಲ್ಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಸಂಶೋಧಕರು ಹಳೆಯ ಜಿಪಿಟಿ-3ಕ್ಕೆ ಪಾಠ ಹೇಳುವಾಗಲೇ ಏಳು ಲಕ್ಷ ಲೀಟರ್ ಶುದ್ಧ ನೀರು ಆವಿಯಾಗಿರಬಹುದು ಎಂದು 2023ರಲ್ಲಿ ಲೆಕ್ಕ ಹಾಕಿದ್ದರು. ಚಿತ್ರ ಬರೆಸಿದ್ದು, ವಿಡಿಯೊ ಮಾಡಿಸಿದ್ದು ಬೇರೆ ಖಾತೆ.

ಐದು ಹನಿ ಎಂದ ಅದೇ ಗೂಗಲ್ಲಿನ ವಾರ್ಷಿಕ ಪರಿಸರ ವರದಿ ತೆರೆದರೆ ಹನಿ ಮಾಯವಾಗಿ ಗ್ಯಾಲನ್ನು ಬರುತ್ತದೆ. 2024ರಲ್ಲಿ ಇಡೀ ಕಂಪನಿ ಬಳಸಿ ಮುಗಿಸಿದ ನೀರು ಸುಮಾರು 810 ಕೋಟಿ ಗ್ಯಾಲನ್. ಎಲ್ಲವೂ ಎಐಗೆ ಅಲ್ಲ, ಹುಡುಕಾಟ, ಯೂಟ್ಯೂಬು, ಜಿಮೇಲು ಎಲ್ಲ ಸೇರಿ. ಹೆಚ್ಚುಪಾಲು ಡೇಟಾ ಸೆಂಟರು ಎಂಬ ಕಂಪ್ಯೂಟರ್ ಗೋದಾಮುಗಳ ಬಿಸಿ ಇಳಿಸಲು. ನಮ್ಮ ಭಾಷೆಯಲ್ಲಿ ಅದಕ್ಕೆ ಒಂದು ಟಿಎಂಸಿಗಿಂತ ತುಸು ಜಾಸ್ತಿ ಎನ್ನುತ್ತಾರೆ. ಒಂದು ಟಿಎಂಸಿ ಅಂದರೆ ಏನು ಅಂತ ದಾವಣಗೆರೆ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದರ ಅರ್ಧಕ್ಕೆ ನಾವು ರಸ್ತೆಯಲ್ಲಿ ಟೈರು ಸುಟ್ಟವರು. ಹನಿ ಹನಿ ಗೂಡಿದರೆ ಹಳ್ಳ ಅಂತ ಮಕ್ಕಳಿಗೆ ಉಳಿತಾಯದ ಪಾಠ ಹೇಳುತ್ತಿದ್ದೆವು. ಈಗ ಅದೇ ಗಾದೆ ಸೋರಿಕೆಯ ಪಾಠಕ್ಕೂ ಆಗುತ್ತದೆ.

ಕರೆಂಟಿನ ಕತೆ ಇದಕ್ಕಿಂತ ದಪ್ಪ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ ಜಗತ್ತಿನ ಡೇಟಾ ಸೆಂಟರುಗಳು 2024ರಲ್ಲಿ ಉರಿಸಿದ್ದು ಸುಮಾರು 41,500 ಕೋಟಿ ಯೂನಿಟ್. 2030ಕ್ಕೆ ಅದು 94,500 ಕೋಟಿಯ ಹತ್ತಿರ ಹೋಗಬಹುದು, ಇಡೀ ಜಪಾನ್ ದೇಶ ಈಗ ಬಳಸುವುದಕ್ಕಿಂತ ಹೆಚ್ಚು. ಐರ್ಲೆಂಡಿನಲ್ಲಿ 2023ರಲ್ಲೇ ಮೀಟರಿನಲ್ಲಿ ಓಡಿದ ಒಟ್ಟು ಕರೆಂಟಿನ ನೂರಕ್ಕೆ 21 ಪಾಲು ಡೇಟಾ ಸೆಂಟರುಗಳದ್ದು. ಆ ದೇಶದ ಪಟ್ಟಣಗಳ ಎಲ್ಲ ಮನೆಗಳೂ ಸೇರಿ ಅಷ್ಟು ಉರಿಸಲಿಲ್ಲ.

ಐರ್ಲೆಂಡ್ ನಮಗೆ ದೂರ. ವೈಟ್‌ಫೀಲ್ಡ್ ದೂರವಿಲ್ಲ. ಬೆಂಗಳೂರಿನ ವೈಟ್‌ಫೀಲ್ಡಿನ ಡೇಟಾ ಸೆಂಟರಿಗೂ ಚನ್ನಗಿರಿ ತಾಲ್ಲೂಕಿನ ತೋಟದ ಬೋರ್‌ವೆಲ್ಲಿಗೂ ತಂತಿ ಎಳೆದಿರುವ ಕಂಪನಿ ಒಂದೇ. ಬೆಸ್ಕಾಂ ಅಂದರೆ ಬೆಂಗಳೂರು ಒಂದೇ ಅಲ್ಲ, ಕೋಲಾರದಿಂದ ಹಿಡಿದು ಚಿತ್ರದುರ್ಗ, ದಾವಣಗೆರೆವರೆಗೆ ಎಂಟು ಜಿಲ್ಲೆ. ಆ ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಹಿರಿಯವನಿಗೆ ದಿನದ ಇಪ್ಪತ್ನಾಲ್ಕು ಗಂಟೆ, ವರ್ಷದ ಮುನ್ನೂರ ಅರವತ್ತೈದು ದಿನ ಕರೆಂಟು ಇರಲೇಬೇಕು, ಒಂದು ಗಳಿಗೆ ತಪ್ಪಿದರೂ ಅವನು ಸತ್ತೇಹೋಗುತ್ತಾನೆ. ಕಿರಿಯವನಿಗೆ ಏಳು ಗಂಟೆ ತ್ರೀ ಫೇಸ್, ಅದೂ ಹಗಲೋ ರಾತ್ರಿಯೋ ಅವನ ಹಣೆಬರಹ. 2023ರ ಬರದಲ್ಲಿ ಆ ಏಳೂ ಐದಕ್ಕೆ ಇಳಿದಿತ್ತು. ಕಿರಿಯವನಿಗೆ ಬಿಟ್ಟಿ ಕರೆಂಟು ಕೊಟ್ಟು ಹಾಳುಮಾಡಿದರು ಎಂದು ಟೀವಿಯಲ್ಲಿ ಕೂತು ಬೈಯುವವರಿದ್ದಾರೆ. ಹತ್ತು ಎಚ್‌ಪಿವರೆಗೆ ಬಿಟ್ಟಿ ಹೌದು, ಇಲ್ಲ ಅಂದವರು ಯಾರು? ಆದರೆ ಹಿರಿಯವನನ್ನು ಮನೆಗೆ ಕರೆಯಲು ರಾಜ್ಯಗಳು ಹಿಡಿದಿರುವ ಆರತಿ ತಟ್ಟೆಯಲ್ಲಿ ಏನೇನಿದೆ ಅಂತ ಅವರು ನೋಡಿದ ಹಾಗಿಲ್ಲ.

ನೋಡಬೇಕೆಂದರೆ 2025ರ ಅಕ್ಟೋಬರ್ ನೆನಪಿಸಿಕೊಳ್ಳಿ. ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹಾಕಿ ಎಐ ಕೇಂದ್ರ ಕಟ್ಟುವುದಾಗಿ ಗೂಗಲ್ ಸಾರಿತು. ಗಿಗಾವ್ಯಾಟ್ ಲೆಕ್ಕದ ಡೇಟಾ ಸೆಂಟರು. ನಮ್ಮ ಐಟಿ ಸಚಿವ ಪ್ರಿಯಾಂಕ್ ಖರ್ಗೆಯವರು, ಆಂಧ್ರದವರು 22,000 ಕೋಟಿ ರೂಪಾಯಿ ರಿಯಾಯಿತಿ ಕೊಟ್ಟು ಕರೆಸಿಕೊಂಡಿದ್ದಾರೆ, ಭೂಮಿಗೆ ಕಡಿತ, ನೀರಿಗೆ ಕಡಿತ, ತೆರಿಗೆ ವಾಪಸ್ಸು, ಇದನ್ನು ಯಾರು ಹೇಳಬೇಕು ಎಂದು ಕೇಳಿದರು. ಅತ್ತಲಿಂದ ಸಚಿವ ನಾರಾ ಲೋಕೇಶ್, ಆಂಧ್ರದ ಊಟ ಖಾರ, ನಮ್ಮ ಬಂಡವಾಳವೂ ಖಾರ, ನೆರೆಮನೆಯವರಿಗೆ ಉರಿ ಹತ್ತಿದೆ ಎಂಬ ಅರ್ಥದಲ್ಲಿ ತಿವಿದರು. ಎರಡು ರಾಜ್ಯದ ಜನ ಎರಡು ದಿನ ಮೊಬೈಲಿನಲ್ಲಿ ಕುಸ್ತಿ ನೋಡಿ ಖುಷಿಪಟ್ಟರು. ರಿಯಾಯಿತಿ ಎಷ್ಟು ಅಂತ ಜಗಳ ಆಯಿತು. ಬೇಸಿಗೆಯಲ್ಲಿ ವಿಶಾಖಪಟ್ಟಣದ ಕೊಡಗಳು ಎಲ್ಲಿ ತುಂಬಬೇಕು ಅಂತ ಆಗಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಮ್ಮಲ್ಲೂ ಡೇಟಾ ಸೆಂಟರ್ ನೀತಿ 2022-27 ಎಂಬ ಹೆಸರಿನ ಹಾಸುಗಂಬಳಿ ಹಾಸಿಯೇ ಇದೆ.

2024ರ ಬೇಸಿಗೆ ಮರೆತಿಲ್ಲ ತಾನೆ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಚನ್ನಗಿರಿ ಕಡೆ ಅಡಿಕೆ ಮರ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ಸಾಲಿನ ಸಂದಿಯಲ್ಲಿ ಟ್ರ್ಯಾಕ್ಟರು ನುಗ್ಗಿಸಿ, ಪೈಪು ಹಿಡಿದು, ಮರದ ಬುಡಕ್ಕೆ ಬಿಂದಿಗೆ ಲೆಕ್ಕದಲ್ಲಿ ನೀರು ಹಾಕಿ, ಹಾಕಿದ್ದು ಇಂಗುವ ಮೊದಲೇ ಮುಂದಿನ ಮರಕ್ಕೆ ಓಡಿದವರಿದ್ದಾರೆ. ಹೊಸ ಬೋರು ಕೊರೆಸಿದಲ್ಲಿ ಸಾವಿರ ಅಡಿಗೆ ಧೂಳು ಬಂತು. ಅದೇ ಮಾರ್ಚಿನಲ್ಲಿ ಬೆಂಗಳೂರಿನ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಯೇ ಹೇಳಿದರು. ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಕೈತೋಟಕ್ಕೆ ಹಾಕಿದರೆ ದಂಡ, ಕಾರಂಜಿ ಚಿಮ್ಮಿಸಿದರೆ ದಂಡ. ಡೇಟಾ ಸೆಂಟರಿನ ಯಂತ್ರ ತಣ್ಣಗೆ ಮಾಡುವ ಬಾಬತ್ತು ಆ ಪಟ್ಟಿಯಲ್ಲಿ ಕಾಣಿಸಲಿಲ್ಲ. ಮಲ್ಲಿಗೆ ಬಳ್ಳಿಗೆ ಒಂದು ಚೊಂಬು ಹಾಕಿದ ಅಜ್ಜಿ ಅಪರಾಧಿ.

ಇಷ್ಟೆಲ್ಲ ನೀರು ಬೆಂಕಿ ಉಂಡು ಈ ಮಹಾಬುದ್ಧಿ ನಮ್ಮೂರಿಗೆ ಏನು ಮಾಡಿಕೊಟ್ಟಿದೆ ಎಂದು ನೋಡಲು ಸಂಜೆ ಬಸ್‌ಸ್ಟಾಂಡಿನ ಮಂಡಕ್ಕಿ ಮಿರ್ಚಿ ಅಂಗಡಿಗೆ ಬನ್ನಿ. ಕರೆಂಟು ಹೋಗಿದೆ. ಅಂಗಡಿಯವನು ಚಾರ್ಜಿಂಗ್ ಲೈಟು ನೇತುಹಾಕಿದ್ದಾನೆ, ಅದರ ಸುತ್ತ ಹುಳ. ಬಾಣಲೆಯ ಎಣ್ಣೆ ಮಾತ್ರ ಹೊಳೆಯುತ್ತಿದೆ. ಬೆಂಚಿನ ಮೇಲೆ ನಾಲ್ವರು ಹುಡುಗರು, ನಾಲ್ಕು ಮುಖದ ಮೇಲೆ ನಾಲ್ಕು ನೀಲಿ ಬೆಳಕು. ಊರಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇದೆ. ಆಚೆ ಹೊಲದಲ್ಲಿ ಟವರಿನ ಜನರೇಟರು ಡೀಸೆಲ್ ಕುಡಿದು ಗುಡುಗುಡು ಅನ್ನುತ್ತಿದೆ. ಒಬ್ಬ ತನ್ನ ಹೆಂಡತಿಗೆ ಕೆಂಪು ಶಿಫಾನ್ ಸೀರೆ ಉಡಿಸುತ್ತಿದ್ದಾನೆ, ಮೊಬೈಲಿನಲ್ಲಿ. ಹೆಂಡತಿ ಮನೆಯಲ್ಲಿ ಒಲೆ ಊದುತ್ತಿದ್ದಾಳೆ. ಮೊದಲ ಚಿತ್ರದಲ್ಲಿ ಕೈಗೆ ಆರು ಬೆರಳು ಬಂದವು, ಎರಡನೆಯದರಲ್ಲಿ ಮೂಗು ಬೇರೆಯವರದ್ದು. "ಇನ್ನೊಂದ್ಸಲ ಕೊಡಲಾ, ದುಡ್ಡೇನ್ ಹೋಗುತ್ತಾ?" ಎಂದು ಪಕ್ಕದವನು ಹುರಿದುಂಬಿಸುತ್ತಿದ್ದಾನೆ. 2025ರ ಮಾರ್ಚಿನಲ್ಲಿ ಇಡೀ ಲೋಕ ಹೀಗೇ ಚಾಟ್‌ಜಿಪಿಟಿಯಲ್ಲಿ ಜಪಾನಿನ ಜಿಬ್ಲಿ ಕಾರ್ಟೂನಿನ ಗೊಂಬೆಯಾಗಲು ಹೊರಟು, ಒಂದು ವಾರದಲ್ಲಿ 13 ಕೋಟಿ ಜನ 70 ಕೋಟಿ ಚಿತ್ರ ಮಾಡಿಸಿಕೊಂಡರು. ನಮ್ಮ ಯಂತ್ರಗಳು ಕರಗಿಹೋಗುತ್ತಿವೆ ಎಂದು ಆಲ್ಟ್‌ಮನ್ ಕೈಮುಗಿದರು. ಅವರ ಯಂತ್ರ ಕರಗುತ್ತದೆ ಅಂತ ಲೋಕ ಮರುಗಿತು.

ದುಡ್ಡೇನ್ ಹೋಗುತ್ತಾ ಎಂಬ ಹುಡುಗನ ಪ್ರಶ್ನೆ ಸರಿಯಾದದ್ದೇ. ಹೋಗುವುದಿಲ್ಲ. 2025ರ ಜುಲೈನಲ್ಲಿ ಏರ್‌ಟೆಲ್ ಸಿಮ್ಮಿನ ಜೊತೆ 17,000 ರೂಪಾಯಿ ಬೆಲೆಯ ಇನ್ನೊಂದು ಎಐ ಪರ್‌ಪ್ಲೆಕ್ಸಿಟಿ ಒಂದು ವರ್ಷ ಬಿಟ್ಟಿ. ಅಕ್ಟೋಬರಿನ ಕೊನೆಗೆ ಜಿಯೋ ಜೊತೆ 35,100 ರೂಪಾಯಿ ಬೆಲೆಯ ಜೆಮಿನಿ ಹದಿನೆಂಟು ತಿಂಗಳು ಬಿಟ್ಟಿ. ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಭಾರತದವರಿಗೆ ಒಂದು ವರ್ಷ ಬಿಟ್ಟಿ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ ನಾವು, ಮೂರನ್ನೂ ಹಾಕಿಸಿಕೊಂಡೆವು. 35,100 ರೂಪಾಯಿಯ ಮಾಲನ್ನು ಬೀದಿಯಲ್ಲಿ ಹಂಚಿ ಹೋಗುವ ವ್ಯಾಪಾರಿಯನ್ನು ಅಡಿಕೆ ಮಂಡಿಯಲ್ಲಿ ಕಂಡರೆ ನಾವು ಮೊದಲು ತಕ್ಕಡಿ ತಿರುಗಿಸಿ ನೋಡುತ್ತೇವೆ. ಇಲ್ಲಿ ತಕ್ಕಡಿಯಲ್ಲಿ ಕೂತಿರುವವರು ನಾವೇ ಆದ್ದರಿಂದ ತಿರುಗಿಸಲು ಆಗುತ್ತಿಲ್ಲ.

ಕತ್ತಲಗೆರೆಯಲ್ಲಿ ಇನ್ನೊಂದು ಮೋಜಿದೆ. ಊರ ಮಗ್ಗುಲಲ್ಲೇ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಮಣ್ಣು ಮುಟ್ಟಿ ನೋಡುವ ವಿಜ್ಞಾನಿಗಳು ಅಲ್ಲಿ ಕೂತಿದ್ದಾರೆ. ಅದರ ಬೇಲಿಯ ಹತ್ತಿರದ ತೋಟದವರೊಬ್ಬರ ಅಡಿಕೆ ಮರದ ಬುಡದಲ್ಲಿ ಅಣಬೆ ಎದ್ದಿತು. ಬೇಲಿ ದಾಟಿ ಕೇಳಲು ಸಂಕೋಚವೋ, ಸೋಮಾರಿತನವೋ. ಫೋಟೊ ಹೊಡೆದು ಮೊಬೈಲಿಗೆ ಕೇಳಿದರು. ಅದು ಅಚ್ಚುಕಟ್ಟಾದ ಕನ್ನಡದಲ್ಲಿ, ಮೊದಲಿಗೆ ತಮ್ಮ ಪ್ರಶ್ನೆ ಬಹಳ ಉತ್ತಮವಾದದ್ದು ಎಂದು ಹೊಗಳಿ, ಹನ್ನೆರಡು ಸಲಹೆ ಕೊಟ್ಟು, ಕಡೆಯಲ್ಲಿ ಹೇಳಿತು: ಹೆಚ್ಚಿನ ಮಾಹಿತಿಗೆ ನಿಮ್ಮ ಸಮೀಪದ ಕೃಷಿ ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಿ. ಕತ್ತಲಗೆರೆಯಿಂದ ಹೊರಟ ಪ್ರಶ್ನೆ ಯಾವ ದೇಶದ ಯಾವ ಕೆರೆಯ ಐದು ಹನಿ ಕುಡಿದು ಕತ್ತಲಗೆರೆಗೇ ಬಂತೋ! ತೋಟದ ಯಜಮಾನರು ಅದಕ್ಕೆ "ಧನ್ಯವಾದಗಳು ಸರ್" ಎಂದು ಟೈಪು ಮಾಡಿದರು. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನಿಗೆ, ರಾತ್ರಿಯೆಲ್ಲ ತೂಬು ಕಾದ ನೀರುಗಂಟಿಗೆ ಜನ್ಮದಲ್ಲಿ ಒಂದು ಧನ್ಯವಾದ ಹೇಳದ ಜಿಲ್ಲೆ ಇದು. ಹೀಗೆ ಲೋಕದವರೆಲ್ಲ ಯಂತ್ರಕ್ಕೆ ದಯವಿಟ್ಟು, ಧನ್ಯವಾದ ಅನ್ನುವುದಕ್ಕೆ ತಗಲುವ ಕರೆಂಟಿನ ಬಿಲ್ಲೇ ಕೋಟ್ಯಂತರ ಡಾಲರ್ ಎಂದು ಆಲ್ಟ್‌ಮನ್ 2025ರ ಏಪ್ರಿಲಿನಲ್ಲಿ ಹೇಳಿದ್ದರು. ಆದರೂ ಪರವಾಗಿಲ್ಲ, ದುಡ್ಡು ಸಾರ್ಥಕ ಎಂದರು. ಸಭ್ಯತೆಗೆ ಇಷ್ಟು ಖರ್ಚಿದೆ ಅಂತ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿದ್ದಿರಬೇಕು, ಅದಕ್ಕೇ ಕಡಿಮೆ ಮಾಡಿದ್ದರು.

ಎಲ್ಲ ಎಐ ಕೆಟ್ಟದ್ದು ಅಂತ ಹೊಡೆದು ಹಾಕಲು ನಾನು ಬಂದಿಲ್ಲ. 2025ರ ಮುಂಗಾರಿಗೆ ಮುಂಚೆ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಬಳಸಿ ಮಾಡಿದ ಮಳೆ ಮುನ್ಸೂಚನೆಯನ್ನು ಎಸ್ಸೆಮ್ಮೆಸ್ ಮಾಡಿತು. ಮುಂಗಾರು ನಡುವೆ ನಿಂತುಹೋಗುವುದನ್ನೂ ಮುಂದಾಗಿ ಹೇಳಿತ್ತು. ಜಗಳೂರಿನ ಮಳೆಯಾಶ್ರಿತ ಹೊಲದವನಿಗೆ ಅಂಥ ಒಂದು ಸಾಲು ಬಂದರೆ ಒಂದು ಬಿತ್ತನೆಯ ಬೀಜ, ಗೊಬ್ಬರ ಉಳಿದೀತು. ಅದಕ್ಕೆ ಹತ್ತು ಕೊಡ ನೀರು ಹೋದರೂ ಹೋಗಲಿ, ನಾನೇ ಹೊತ್ತು ಹಾಕುತ್ತೇನೆ. ಆದರೆ ಯಂತ್ರದ ಪರವಾಗಿ ಮಾತಾಡುವವರು ಮುಂದೆ ನಿಲ್ಲಿಸುವುದು ಯಾವಾಗಲೂ ಈ ಮಳೆಯ ಎಸ್ಸೆಮ್ಮೆಸ್ಸನ್ನು, ಹಿಂದೆ ಬಚ್ಚಿಡುವುದು 70 ಕೋಟಿ ಗೊಂಬೆಗಳನ್ನು. ಕುಡಿಯುವ ನೀರಿನ ಹೆಸರಲ್ಲಿ ನಾಲೆಗೆ ಪೈಪು ಇಳಿಸಿ ತೋಟಕ್ಕೆ ತಿರುಗಿಸುವ ವಿದ್ಯೆ ನಮಗೆ ಹೊಸದಲ್ಲ.

ಮನುಷ್ಯರ ಬಾಬತ್ತು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದನ್ನು ಕೇಳುವವರು ಇನ್ನೂ ಕಡಿಮೆ. ಚಾಟ್‌ಜಿಪಿಟಿ ಹೊಲಸು ಮಾತಾಡದಂತೆ ಮಾಡಲು ಕೀನ್ಯಾದ ಕೂಲಿಗಳು ಗಂಟೆಗೆ ಎರಡು ಡಾಲರಿಗಿಂತ ಕಮ್ಮಿ ಸಂಬಳಕ್ಕೆ ದಿನವಿಡೀ ಅತ್ಯಾಚಾರ, ಕೊಲೆಯ ವಿವರ ಓದಿ ಗುರುತು ಹಾಕಿದ್ದನ್ನು ಟೈಮ್ ಪತ್ರಿಕೆ 2023ರ ಜನವರಿಯಲ್ಲಿ ಬಯಲು ಮಾಡಿತು. ಇತ್ತ ಅಡಿಕೆ ಮಾರಿ, ತೋಟ ಗುತ್ತಿಗೆಗೆ ಕೊಟ್ಟು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿಸಿದ ಮಗ ಕೆಲಸಕ್ಕೆ ಸೇರುವ ಹೊತ್ತಿಗೆ, 2025ರ ಜುಲೈನಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸುವುದಾಗಿ ಹೇಳಿತು. ಎಐಯಿಂದ ಅಲ್ಲ, ಕೌಶಲ ಹೊಂದಾಣಿಕೆ ಆಗದ್ದಕ್ಕೆ ಎಂಬ ಸಮಜಾಯಿಷಿ ಬಂತು. ಆ ಹುಡುಗನ ಅಪ್ಪನಿಗೆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ.

ಈ ಕೃತಕ ಬುದ್ಧಿಯ ಸಾಚಾತನಕ್ಕೆ ಬಂದರೆ, ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಒಂದು ಆದೇಶದಲ್ಲಿ ಯಾವ ನ್ಯಾಯಾಲಯವೂ ಕೊಡದ ತೀರ್ಪುಗಳ ಉಲ್ಲೇಖವಿತ್ತು, ಆದೇಶವನ್ನೇ ಹಿಂದಕ್ಕೆ ಪಡೆಯಬೇಕಾಯಿತು. 2025ರ ಜುಲೈನಲ್ಲಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಬರೆದರೆ, ಫೇಸ್‌ಬುಕ್ಕಿನ ಅನುವಾದ ಯಂತ್ರ ಮುಖ್ಯಮಂತ್ರಿಯನ್ನೇ ಪರಲೋಕಕ್ಕೆ ಕಳಿಸಿಬಿಟ್ಟಿತು. ಮುಖ್ಯಮಂತ್ರಿಗಳ ಕಚೇರಿ ಪತ್ರ ಬರೆಯಿತು, ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ ಕ್ಷಮೆ ಕೇಳಿತು. ಬದುಕಿದ್ದೇನೆ ಎಂದು ಯಂತ್ರಕ್ಕೆ ಮನವರಿಕೆ ಮಾಡಲು ಮುಖ್ಯಮಂತ್ರಿಗೇ ಪತ್ರ ಬೇಕಾದರೆ, ಪಿಂಚಣಿ ಪಟ್ಟಿಯಲ್ಲಿ ಸತ್ತುಹೋಗಿರುವ ನಮ್ಮೂರ ಅಜ್ಜಂದಿರು ಯಾವ ಕಚೇರಿಯಿಂದ ಪತ್ರ ಬರೆಸಬೇಕು?

ಇಷ್ಟಾದರೂ ಯಾರಿಗೂ ಚುರುಕು ಮುಟ್ಟದಿರುವುದಕ್ಕೆ ನಮಗೆ ಅರಿವಿಲ್ಲ ಎಂಬ ಕಾರಣ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ನೀರಿನ ವಿಷಯಕ್ಕೆ ನಾವು ಜಡರಲ್ಲ. 2023ರ ಸೆಪ್ಟೆಂಬರಿನಲ್ಲಿ ಭದ್ರಾ ನೀರಿಗಾಗಿ ದಾವಣಗೆರೆ ಬಂದ್ ಮಾಡಿದ್ದೇವೆ. 2025ರ ಜೂನಿನಲ್ಲಿ ಬಲದಂಡೆ ನಾಲೆ ಬಗೆದು ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುತ್ತಾರೆ ಎಂದು ಇನ್ನೊಮ್ಮೆ ಮಾಡಿದ್ದೇವೆ. ಜಗಳೂರಿನವರು ತುಂಗಭದ್ರೆಯಿಂದ 57 ಕೆರೆ ತುಂಬಿಸಿಕೊಳ್ಳಲು ಮಠ, ಕಚೇರಿ, ವಿಧಾನಸೌಧ ಎಲ್ಲ ಸುತ್ತಿದ್ದಾರೆ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಓದಿದ 5,300 ಕೋಟಿ ರೂಪಾಯಿಯನ್ನು ಇನ್ನೂ ಎಣಿಸುತ್ತಾ ಕೂತಿದ್ದಾರೆ. ಪಕ್ಕದ ತಾಲ್ಲೂಕಿನವನು ಕುಡಿಯಲು ನೀರು ಕೇಳಿದರೆ ಬೀದಿಗಿಳಿಯುವ ನಾವು, ಬಿಸಿಯಾದ ತಗಡಿನ ಪೆಟ್ಟಿಗೆ ಕುಡಿಯಲು ನೀರು ಕೇಳಿದರೆ ಲೈಕ್ ಒತ್ತುತ್ತೇವೆ. ಯಾಕೆಂದರೆ ಪಕ್ಕದ ತಾಲ್ಲೂಕಿನವನು ನಮಗೆ ಕೆಂಪು ಸೀರೆ ಉಡಿಸಿ ಕೊಡುವುದಿಲ್ಲ.

ಅರಿವಿಲ್ಲದಿರುವುದಲ್ಲ ಇದು, ಪಾಲುದಾರಿಕೆ. ಈ ನಾಲೆಯ ಮೇಲ್ಗಡೆ ಕೂತವರು ನಾವು, ಮೊದಲ ಸಲ. ಜೀವಮಾನವಿಡೀ ಕೊನೆ ಭಾಗದವರಾಗಿ ಬೈದುಕೊಂಡು ಬದುಕಿದವರಿಗೆ ಈಗ ಎಲ್ಲೋ ಮೇಲೆ ಒಂದು ಮೋಟ್ರು ಸಿಕ್ಕಿದೆ. ಪೈಪು ಕಾಣುವುದಿಲ್ಲ, ಸೋಗೆ ಮುಚ್ಚುವ ಕಷ್ಟವೂ ಇಲ್ಲ, ಜೀಪು ಬರುವ ಭಯವಂತೂ ಇಲ್ಲವೇ ಇಲ್ಲ. ಒಣಗುವ ಗದ್ದೆ ಯಾವ ದೇಶದ್ದೋ ಯಾರಿಗೆ ಗೊತ್ತು. ಉರುಗ್ವೆ ದೇಶದ ಮೊಂಟೆವಿಡಿಯೊ ನಗರದಲ್ಲಿ 2023ರಲ್ಲಿ ಬರ ಬಿದ್ದು ನಲ್ಲಿಯಲ್ಲಿ ಉಪ್ಪುನೀರು ಬಂದಾಗ, ಅಲ್ಲಿನವರು ಗೂಗಲ್ ಕಟ್ಟಲು ಹೊರಟಿದ್ದ ಡೇಟಾ ಸೆಂಟರಿನ ವಿರುದ್ಧ ಬೀದಿಗಿಳಿದರು. ಇದು ಬರವಲ್ಲ, ಲೂಟಿ ಎಂದು ಗೋಡೆಗಳ ಮೇಲೆ ಬರೆದರು. ತಂಪು ಮಾಡುವ ವಿಧಾನ ಬದಲಿಸಿ, ಯೋಜನೆ ಕುಗ್ಗಿಸಿ ಕಟ್ಟುವಂತಾಯಿತು. ಅವರು ಕೊನೆ ಭಾಗದವರು, ಅವರಿಗೆ ಅರ್ಥವಾಯಿತು.

ನಮ್ಮಲ್ಲೂ ಕೂಗಿದರೆ ಕೇಳುವುದಿಲ್ಲ ಎಂದೇನಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 1,777 ಎಕರೆ ಭೂಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಡುವಂತೆ ಮಾಡಿದರು. ಅವರಿಗೆ ಗುದ್ದಲಿ ಹಿಡಿದು ಬಂದವರು ಕಣ್ಣಿಗೆ ಕಂಡಿದ್ದರು. ಇಲ್ಲಿ ಬರುವವನು ಉಡುಗೊರೆ ಹಿಡಿದು ಬರುತ್ತಾನೆ, ಹೊಗಳುತ್ತಾನೆ, ಕನ್ನಡದಲ್ಲೇ ಮಾತಾಡುತ್ತಾನೆ. ಜೂನ್ 5ರ ಪರಿಸರ ದಿನಕ್ಕೆ ನೀರು ಉಳಿಸಿ ಎಂದು ಮಕ್ಕಳಿಗೆ ಭಾಷಣ ಬರೆದುಕೊಡುವವನೂ ಅವನೇ.

ಮೊಬೈಲು ಬಾವಿಗೆ ಎಸೆಯಿರಿ ಎಂದು ನಾನು ಹೇಳಿದರೆ ನೀವು ಎಸೆಯುವುದಿಲ್ಲ, ನಾನೂ ಎಸೆಯುವುದಿಲ್ಲ. ಅದರ ಬದಲು ಒಂದು ಸಣ್ಣ ಕೆಲಸವಿದೆ. ವಿದ್ಯುತ್ ದರ ಏರಿಸುವ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ವಕೀಲರೇ ಆಗಬೇಕಿಲ್ಲ, ಯಾವ ಗ್ರಾಹಕರಾದರೂ ಆಕ್ಷೇಪಣೆ ಸಲ್ಲಿಸಬಹುದು, ಬೆಸ್ಕಾಂ ಅದಕ್ಕೆ ಉತ್ತರ ಕೊಡಬೇಕು. ಬರುವ ಸಲ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ರೈತ ಸಂಘದವರು ಮಾಮೂಲಿ ಟಿಸಿ ಸುಟ್ಟುಹೋದ ದೂರಿನ ಜೊತೆ ಇನ್ನೂ ನಾಲ್ಕು ಸಾಲು ಸೇರಿಸಿ. ನಿಮ್ಮ ವ್ಯಾಪ್ತಿಯಲ್ಲಿ ಡೇಟಾ ಸೆಂಟರುಗಳು ಎಷ್ಟು, ಅವುಗಳಿಗೆ ವರ್ಷಕ್ಕೆ ಎಷ್ಟು ಯೂನಿಟ್, ಯಾವ ದರಕ್ಕೆ? ಬರ ಬಿದ್ದ ವರ್ಷ ನಮ್ಮ ಏಳು ಗಂಟೆ ಐದಕ್ಕೆ ಇಳಿದರೆ ಅವರದ್ದು ಎಷ್ಟಕ್ಕೆ ಇಳಿಯುತ್ತದೆ? ಅದೇ ಸಾಲುಗಳನ್ನು ನೀರಿನ ಲೆಕ್ಕಕ್ಕೆ ತಿದ್ದಿ ಜಲಮಂಡಳಿಗೂ ಒಂದು ಪ್ರತಿ ಮಾಹಿತಿ ಹಕ್ಕಿನಲ್ಲಿ ಹಾಕಿ, ಹತ್ತು ರೂಪಾಯಿ ಶುಲ್ಕ. ಅರ್ಜಿ ಬರೆಯುವಾಗ ನಾಲೆ ಏರಿಯ ಮೇಲಿನ ನಿಮ್ಮ ಸ್ವಂತ ಮೋಟ್ರನ್ನು ಒಂದು ದಿನ ಎತ್ತಿಟ್ಟಿರಿ, ಅವರು ಅದನ್ನೇ ಮೊದಲು ಕೇಳುತ್ತಾರೆ.